ಮೂಲ್ಕಿ ಗುಡಿಯ ಬಾಗಿಲು: ವ್ಯಕ್ತಿಯ ಹಕ್ಕು, ಪಂಗಡದ ಹಕ್ಕು

ಧರ್ಮಸ್ವಾತಂತ್ರ್ಯವನ್ನು ಒಂದೇ ಹಕ್ಕೆಂದು ಭಾವಿಸುವುದು ವಾಡಿಕೆ. ಸಂವಿಧಾನವಾದರೋ ಅದನ್ನು ಇಬ್ಬರಿಗೆ ಕೊಟ್ಟಿದೆ. 25ನೆಯ ಅನುಚ್ಛೇದವು ಧರ್ಮವನ್ನು ನಂಬುವ, ಆಚರಿಸುವ ಹಕ್ಕನ್ನು ವ್ಯಕ್ತಿಗೆ ನೀಡುತ್ತದೆ. 26ನೆಯದು ಧರ್ಮದ ವಿಷಯಗಳಲ್ಲಿ ತನ್ನ ವ್ಯವಹಾರಗಳನ್ನು ತಾನೇ ನಡೆಸಿಕೊಳ್ಳುವ ಹಕ್ಕನ್ನು ಧಾರ್ಮಿಕ ಪಂಗಡಕ್ಕೆ ನೀಡುತ್ತದೆ. ಪಂಗಡದ ನಿಯಮವೇ ವ್ಯಕ್ತಿಯನ್ನು ಹೊರಗಿರಿಸಿದಾಗ ಯಾವ ಹಕ್ಕು ಮೇಲು?

ಈ ಪ್ರಶ್ನೆಗೆ ಮೊದಲ ಸ್ಪಷ್ಟ ಉತ್ತರ ದೊರೆತದ್ದು ಕನ್ನಡನಾಡಿನ ಮೂಲ್ಕಿಯ ವೆಂಕಟರಮಣ ದೇವಾಲಯದ ಮೊಕದ್ದಮೆಯಲ್ಲಿ. ಮದರಾಸು ಸರಕಾರದ 1947ರ ದೇವಾಲಯ ಪ್ರವೇಶ ಕಾಯಿದೆಯು ಹಿಂದೂಗಳ ಸಾರ್ವಜನಿಕ ಗುಡಿಗಳನ್ನು ಎಲ್ಲ ಹಿಂದೂಗಳಿಗೂ ತೆರೆಯಿತು. ಈ ಗುಡಿ ಗೌಡ ಸಾರಸ್ವತ ಬ್ರಾಹ್ಮಣರದು, ಆದ್ದರಿಂದ ಕಾಯಿದೆ ಇದಕ್ಕೆ ಅನ್ವಯಿಸದು ಎಂದು ಆಡಳಿತ ಮೊಕ್ತೇಸರರು ವಾದಿಸಿದರು. 1956ರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಆ ರಾಜ್ಯವೇ ಪ್ರತಿವಾದಿಯಾಯಿತು.

1957ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಗುಡಿಯೊಳಗೆ ಯಾರು ಬರಬೇಕೆಂಬುದು ಧರ್ಮದ ವಿಷಯವೇ. ಪಂಗಡಕ್ಕೆ ಆ ಹಕ್ಕುಂಟು. ಆದರೆ ಸಾರ್ವಜನಿಕ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೆ ತೆರೆಯುವ ಕಾನೂನಿಗೆ 25(2)(ಬಿ) ಉಪಖಂಡ ಅವಕಾಶವಿತ್ತಿದೆ. ಪಂಗಡದ ಹಕ್ಕು ಅದಕ್ಕೆ ಅಧೀನ. ಹಾಗೆಂದು ಪಂಗಡದ ಹಕ್ಕು ಪೂರ್ತಿ ಅಳಿಯಲಿಲ್ಲ. ಕೆಲವು ವಿಶೇಷ ಸೇವೆಗಳ ವೇಳೆ ಇತರರನ್ನು ಹೊರಗಿರಿಸುವ ಅಧಿಕಾರ ಅದಕ್ಕೆ ಉಳಿಯಿತು. ಎರಡು ಮಾತುಗಳಿಗೂ ಅರ್ಥ ಉಳಿಯುವಂತೆ ಓದುವ ಈ ಕ್ರಮಕ್ಕೆ ಸಮನ್ವಯವೆಂದು ಹೆಸರು.

ಸಮನ್ವಯ ಎಲ್ಲೆಡೆ ವ್ಯಕ್ತಿಯ ಪರವಾಗಲಿಲ್ಲ. ಬಹಿಷ್ಕಾರವನ್ನು ನಿಷೇಧಿಸಿದ ಮುಂಬಯಿ ಪ್ರಾಂತದ 1949ರ ಕಾಯಿದೆಯನ್ನು ದಾವೂದಿ ಬೋಹರಾ ಧರ್ಮಗುರುಗಳು ಪ್ರಶ್ನಿಸಿದರು. 1962ರಲ್ಲಿ ನ್ಯಾಯಾಲಯ ಬಹುಮತದಿಂದ ಅದನ್ನು ರದ್ದುಪಡಿಸಿತು. ಮುಖ್ಯ ನ್ಯಾಯಮೂರ್ತಿ ಸಿನ್ಹಾ ಅವರದು ಭಿನ್ನಮತ. ಹೊರಗಿದ್ದವನನ್ನು ಒಳಕ್ಕೆ ಬಿಡಿಸಿದ ಸಂವಿಧಾನವೇ ಒಳಗಿದ್ದವನನ್ನು ಹೊರಹಾಕಲು ಬಿಟ್ಟಿತು. ಆ ತೀರ್ಪನ್ನು ಮರುಪರಿಶೀಲಿಸುವ ಪ್ರಶ್ನೆಯನ್ನು 2023ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. 2016ರ ಏಪ್ರಿಲಿನಲ್ಲಿ ಕೊಲ್ಹಾಪುರದ ಮಹಾಲಕ್ಷ್ಮಿಯ ಗರ್ಭಗುಡಿಗೆ ಸ್ತ್ರೀಯರ ಪ್ರವೇಶದ ವಿವಾದವೆದ್ದಾಗ ಅವರಿಗೆ ಆಧಾರವಾದದ್ದು ಮೂಲ್ಕಿಯ ತೀರ್ಪು ಎತ್ತಿಹಿಡಿದಂಥದೇ ಕಾನೂನು, ಅಂದರೆ 1956ರ ದೇವಾಲಯ ಪ್ರವೇಶ ಕಾಯಿದೆ. ಇಂಥ ವಿವಾದ ಬಂದಾಗ ‘ಧರ್ಮಸ್ವಾತಂತ್ರ್ಯ’ವೆಂಬ ಪದವನ್ನು ಎರಡೂ ಪಕ್ಷಗಳು ಬಳಸುತ್ತವೆ. ಆ ಪದಕ್ಕೆ ಅಲ್ಲಿ ಕರ್ತೃ ಯಾರು, ವ್ಯಕ್ತಿಯೋ ಪಂಗಡವೋ, ಎಂದು ಮೊದಲು ಕೇಳಿಕೊಳ್ಳಬೇಕು. ತೀರ್ಪು ಹೇಳುವುದು ಆಮೇಲಿನ ಕೆಲಸ.