ಬಿಸಿಲಿನ ಬಿಸಿನೀರು: ವೆಚ್ಚ ಯಾರದು, ಉಳಿತಾಯ ಯಾರದು?

ನಗರಪ್ರದೇಶದ ನಿಗದಿತ ಅಳತೆಯ ಮನೆಗಳಿಗೆ ರಾಜ್ಯ ಸರ್ಕಾರವು ಸೋಲಾರ್ ವಾಟರ್ ಹೀಟರನ್ನು 2007ರಲ್ಲಿಯೇ ಕಡ್ಡಾಯಗೊಳಿಸಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಮನೆ ಕಟ್ಟಿಸುವವರಿಗೆ ಈ ವೆಚ್ಚವು ಮರಳಿ ದೊರೆಯುವುದೇ? ನಾವು ಲೆಕ್ಕ ಹಾಕಿ ನೋಡೋಣ.

100 ಲೀಟರ್ ನೀರನ್ನು 25 ಡಿಗ್ರಿ ಸೆಂಟಿಗ್ರೇಡಿನಿಂದ 60ಕ್ಕೆ ಕಾಯಿಸಲು 3,500 ಕಿಲೊಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತು 860 ಕಿಲೊಕ್ಯಾಲೊರಿಗೆ ಸಮ; ಎಂದರೆ ಸುಮಾರು 4 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯೆಂದು ಹಿಡಿದರೆ ದಿನಕ್ಕೆ 24 ರೂಪಾಯಿ. ವರ್ಷದಲ್ಲಿ 250 ದಿನ ಒಳ್ಳೆಯ ಬಿಸಿಲಿದ್ದರೆ 6,000 ರೂಪಾಯಿ. ಹೀಟರಿಗೆ 24,000 ರೂಪಾಯಿ ತಗುಲಿದರೂ 4 ವರ್ಷಗಳಲ್ಲಿ ಆ ಹಣ ತೀರುತ್ತದೆ.

ಆದರೆ ಬಾಡಿಗೆಯ ಮನೆಯಲ್ಲಿ ವೆಚ್ಚ ಮನೆಯೊಡೆಯರದು, ಉಳಿತಾಯ ಬಾಡಿಗೆದಾರರದು. ಬಾಡಿಗೆಯನ್ನು ಗೊತ್ತುಪಡಿಸುವಾಗಲೇ ಈ ಉಳಿತಾಯವನ್ನು ಇಬ್ಬರೂ ಹಂಚಿಕೊಂಡರೆ ನಿಯಮವು ಯಾರಿಗೂ ಹೊರೆಯಾಗದು.