ಕಾಡಿನ ಬಾಗಿಲಲ್ಲಿರುವ ಊರು: ಕುಮಳಿ

ಕಾಡಂಚಿನ ಊರುಗಳ ವಿಷಯ ನಮ್ಮ ಚರ್ಚಾ ಕಾರ್ಯಕ್ರಮಗಳಲ್ಲಿ ಬಂದಾಗಲೆಲ್ಲ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಏಳುತ್ತದೆ. ಕಾಡು ಉಳಿಯಬೇಕಾದರೆ ಊರು ಹಿಂದೆ ಸರಿಯಬೇಕೇ? ಪ್ರವಾಸಿಗರು ಬರುವುದೇ ನಿಲ್ಲಬೇಕೇ? ಅರ್ಧ ಗಂಟೆಯ ಮಾತಿನಲ್ಲಿ ಇದಕ್ಕೆ ಪೂರ್ಣ ಉತ್ತರ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಒಂದೇ ಊರನ್ನು ತೆಗೆದುಕೊಂಡು ಅದರ ನೀರು, ಕಾಡು, ಜನ ಮೂರನ್ನೂ ಒಟ್ಟಿಗೆ ನೋಡೋಣ. ಆ ಊರು ಕೇರಳದ ಇಡುಕ್ಕಿ ಜಿಲ್ಲೆಯ ಕುಮಳಿ.

ಹೆಸರು ಹೊಸದೆನಿಸಿದರೂ ನಿಮ್ಮಲ್ಲಿ ಹಲವರು ಈ ಊರನ್ನು ದಾಟಿ ಹೋಗಿರಬಹುದು. ಕರ್ನಾಟಕದಿಂದ ದಿಂಡಿಗಲ್, ತೇನಿ ಮಾರ್ಗವಾಗಿ ಶಬರಿಮಲೆಗೆ ಹೊರಡುವವರು ಘಟ್ಟ ಹತ್ತಿದೊಡನೆ ತಲುಪುವುದು ಕುಮಳಿಯನ್ನೇ. ಊರಿನ ಒಂದು ತುದಿಯಲ್ಲಿ ತಮಿಳುನಾಡಿನ ಗಡಿ. ಇನ್ನೊಂದು ಕಡೆ ನಾಲ್ಕು ಕಿಲೋಮೀಟರ್ ದೂರದಲ್ಲಿ ತೇಕ್ಕಡಿಯ ದೋಣಿಕಟ್ಟೆ, ಅದರಾಚೆ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶ. ಪೇಟೆಯಲ್ಲಿ ಮಲಯಾಳ, ತಮಿಳು ಎರಡೂ ಕಿವಿಗೆ ಬೀಳುತ್ತವೆ. ಅಂಗಡಿಸಾಲಿನಲ್ಲಿ ಏಲಕ್ಕಿ, ಮೆಣಸಿನ ವಾಸನೆ.

ಸರೋವರ ಹುಟ್ಟಿದ್ದು ಹೇಗೆ?

ತೇಕ್ಕಡಿಗೆ ಬಂದವರು ಸರೋವರವನ್ನು ಪ್ರಕೃತಿಯ ಕೊಡುಗೆ ಎಂದೇ ತಿಳಿಯುತ್ತಾರೆ. ವಾಸ್ತವವಾಗಿ ಅದು ಮನುಷ್ಯ ನಿರ್ಮಿತ. ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಬೀಳುವ ಮಳೆಯೆಲ್ಲ ಪೆರಿಯಾರ್ ನದಿಯಾಗಿ ಪಶ್ಚಿಮಕ್ಕೆ, ಅರಬ್ಬೀ ಸಮುದ್ರಕ್ಕೆ ಹರಿಯುತ್ತಿತ್ತು. ಅದೇ ಘಟ್ಟದ ಪೂರ್ವಕ್ಕಿರುವ ಕಂಬಂ ಕಣಿವೆ, ಮಧುರೆಯ ಸೀಮೆಗಳು ಮಳೆಯ ನೆರಳಿನ ಪ್ರದೇಶ. ಮೋಡಗಳು ಘಟ್ಟವನ್ನು ಏರುವಾಗ ತಂಪಾಗಿ ಮಳೆ ಸುರಿಸಿಬಿಡುತ್ತವೆ; ಆಚೆ ಇಳಿಯುವ ಗಾಳಿ ಒಣಗಿರುತ್ತದೆ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಕಾಡಿದ, ಮೈಸೂರು ಸೀಮೆಯನ್ನೂ ಬಿಡದ ಮಹಾ ಕ್ಷಾಮದ ನಂತರ ಪಶ್ಚಿಮದ ನೀರನ್ನು ಪೂರ್ವಕ್ಕೆ ತಿರುಗಿಸುವ ಹಳೆಯ ಯೋಚನೆಗೆ ಜೀವ ಬಂತು.

1886ರಲ್ಲಿ ತಿರುವಾಂಕೂರು ಸಂಸ್ಥಾನ ಮತ್ತು ಬ್ರಿಟಿಷ್ ಸರ್ಕಾರದ ನಡುವೆ 999 ವರ್ಷಗಳ ಗುತ್ತಿಗೆಯಾಯಿತು. ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ನೇತೃತ್ವದಲ್ಲಿ 1887ರಲ್ಲಿ ಕೆಲಸ ಆರಂಭವಾಗಿ, 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿಯಿತು. ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಎದ್ದ ಕಟ್ಟೆ ಅದು. ಹಿಂದೆ ನಿಂತ ನೀರು ಸುಮಾರು 26 ಚದರ ಕಿಲೋಮೀಟರ್ ಕಣಿವೆಯನ್ನು ಮುಳುಗಿಸಿತು. ಆ ನೀರು ಸುರಂಗದ ಮೂಲಕ ಬೆಟ್ಟ ದಾಟಿ, ವಿದ್ಯುತ್ ಉತ್ಪಾದಿಸಿ, ವೈಗೈ ನದಿಯ ಬಯಲನ್ನು ಸೇರುತ್ತದೆ. ಕುಮಳಿಯ ಜನ ನೋಡುವ ಸರೋವರವೇ ತೇನಿ, ಮಧುರೆಯ ರೈತರ ಗದ್ದೆಯ ನೀರು ಎಂಬುದನ್ನು ಮರೆಯಬಾರದು.

ದೋಣಿಯಲ್ಲಿ ಹೋಗುವಾಗ ನೀರಿನಿಂದ ಮೇಲೆ ಚಾಚಿರುವ ಕಪ್ಪು ಮರದ ಬೊಡ್ಡೆಗಳು ನಿಮ್ಮ ಗಮನ ಸೆಳೆಯುತ್ತವೆ. ಅವು ಅಂದು ಮುಳುಗಿದ ಕಾಡಿನ ಉಳಿಕೆ. ನೂರಿಪ್ಪತ್ತೈದು ವರ್ಷ ಕಳೆದರೂ ಅವು ಪೂರ್ತಿ ಕೊಳೆತಿಲ್ಲವೇಕೆ? ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಆಮ್ಲಜನಕ ಬೇಕು. ನೀರಿನ ಆಳದಲ್ಲಿ ಅದು ಕಡಿಮೆ. ಹಾಗಾಗಿ ಬುಡ ನಿಂತೇ ಇದೆ. ಇಂದು ಆ ಬೊಡ್ಡೆಗಳೇ ನೀರುಕಾಗೆ, ಹಾವಕ್ಕಿಗಳು ರೆಕ್ಕೆ ಒಣಗಿಸುವ ತಾಣ.

ಪ್ರಾಣಿಗಳು ದಡಕ್ಕೆ ಬರುವುದೇಕೆ?

ಇಲ್ಲಿ ಒಂದು ಸ್ವಾರಸ್ಯವಿದೆ. ಆನೆ, ಕಾಟಿ, ಕಡವೆಗಳು ದಡಕ್ಕೆ ಬರುವುದು ನೀರು ಕುಡಿಯಲು ಮಾತ್ರವಲ್ಲ. ಮಳೆಗಾಲದಲ್ಲಿ ತುಂಬಿದ ಸರೋವರ ಬೇಸಿಗೆಯ ಹೊತ್ತಿಗೆ ಇಳಿಯುತ್ತದೆ. ನೀರು ಹಿಂದೆ ಸರಿದ ನೆಲದಲ್ಲಿ ಹೂಳು ಮತ್ತು ತೇವ ಉಳಿದಿರುತ್ತವೆ. ಕಾಡಿನ ಒಳಗೆ ಹುಲ್ಲು ಒಣಗಿದ ಸಮಯದಲ್ಲೇ ಈ ಅಂಚಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಪ್ರಾಣಿಗಳು ಬರುವುದು ಆ ಹಸಿರಿಗಾಗಿ. ನಮ್ಮ ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಆನೆಗಳ ದೊಡ್ಡ ಗುಂಪುಗಳು ಸೇರುವುದನ್ನು ನೀವು ನೋಡಿರಬಹುದು. ಕಾರಣ ಅದೇ. ಮನುಷ್ಯ ಕಟ್ಟಿದ ಕಟ್ಟೆಯೊಂದು ಕಾಡು ಪ್ರಾಣಿಗಳ ವಾರ್ಷಿಕ ಸಂಚಾರದ ಭಾಗವಾಗಿಬಿಟ್ಟಿದೆ.

ಲಾಭದ ಜೊತೆಗೆ ನಷ್ಟವೂ ಆಗಿದೆ. ಹರಿಯುವ ಹೊಳೆಗೆ ಹೊಂದಿಕೊಂಡ ಮೀನಿಗೆ ನಿಂತ ನೀರು ಒಗ್ಗುವುದಿಲ್ಲ. ಪೆರಿಯಾರ್‌ನ ಮೇಲ್ಭಾಗದ ಹೊಳೆಗಳಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲದ ಲೆಪಿಡೊಪೈಗಾಪ್ಸಿಸ್ ಎಂಬ ಮೀನು ಇಂದು ಸರೋವರಕ್ಕೆ ಸೇರುವ ತೊರೆಗಳನ್ನೇ ಆಶ್ರಯಿಸಿದೆ. ನಿಂತ ನೀರಿನಲ್ಲಿ ಹೊರಗಿನಿಂದ ಬಂದ ತಿಲಾಪಿಯಾ, ಗೆಂಡೆಗಳದ್ದೇ ಮೇಲುಗೈ.

ಕಾಡಿಗೆ ರಕ್ಷಣೆ ಬಂದದ್ದು ಹಂತಹಂತವಾಗಿ. 1934ರಲ್ಲಿ ತಿರುವಾಂಕೂರಿನ ಮಹಾರಾಜರು ಸರೋವರದ ಸುತ್ತಣ ಕಾಡನ್ನು ಮೃಗ ರಕ್ಷಿತ ವನವಾಗಿ ಘೋಷಿಸಿದರು. 1950ರಲ್ಲಿ ಅದು ವನ್ಯಜೀವಿಧಾಮವಾಗಿ ವಿಸ್ತಾರವಾಯಿತು. 1978ರಲ್ಲಿ ಹುಲಿ ಯೋಜನೆಗೆ ಸೇರಿತು. ಈಗ ಅದರ ವಿಸ್ತೀರ್ಣ 925 ಚದರ ಕಿಲೋಮೀಟರ್.

ಕಳ್ಳದಾರಿ ಬಲ್ಲವರೇ ಕಾವಲುಗಾರರು

ಆದರೆ ಘೋಷಣೆಯ ಕಾಗದ ಮರವನ್ನು ಕಾಯುವುದಿಲ್ಲ. ಕಾಡಿನ ಅಂಚಿನಲ್ಲಿ ಮನ್ನಾನ್, ಪಳಿಯನ್ ಆದಿವಾಸಿಗಳಿದ್ದಾರೆ. ಸರೋವರದಲ್ಲಿ ಮೀನು ಹಿಡಿಯುವುದು ಮನ್ನಾನರ ಮುಖ್ಯ ಕಸುಬುಗಳಲ್ಲೊಂದು. ಜೊತೆಗೆ ಬಯಲಿನಿಂದ ಬಂದು ನೆಲೆಸಿದ ರೈತರು, ಕೂಲಿಗಳು, ವ್ಯಾಪಾರಿಗಳು ಇದ್ದಾರೆ. ಹೊಟ್ಟೆಪಾಡಿಗಾಗಿ ಕಾಡಿಗೆ ನುಗ್ಗುವವರು ಬಹಳ ಮಂದಿಯಿದ್ದರು. ಅವರಲ್ಲೊಂದು ಗುಂಪು 'ವಯಣ' ಎಂಬ ಕಾಡು ದಾಲ್ಚಿನ್ನಿಯ ತೊಗಟೆ ಸುಲಿಯುವವರದು. ಮರದ ಸುತ್ತ ತೊಗಟೆ ಸುಲಿದರೆ ಏನಾಗುತ್ತದೆ? ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಆ ದಾರಿ ಕಡಿದರೆ ಬೇರು ಹಸಿದು ಮರವೇ ಸಾಯುತ್ತದೆ.

1996ರಲ್ಲಿ ಆರಂಭವಾದ ಭಾರತ ಪರಿಸರ ಅಭಿವೃದ್ಧಿ ಯೋಜನೆ ಈ ಕಥೆಯ ತಿರುವು. ಕಾಡಂಚಿನ ಜನರಿಗೆ ಬೇರೆ ಆದಾಯ ಒದಗಿಸಿ, ಬದಲಿಗೆ ಕಾಡಿನ ರಕ್ಷಣೆಯಲ್ಲಿ ಅವರ ಸಹಭಾಗ ಪಡೆಯುವುದು ಅದರ ಉದ್ದೇಶ. ಕುಮಳಿಯ ತೊಗಟೆ ಸುಲಿಯುವವರ ತಂಡ ಹಳೆಯ ಕಸುಬು ಬಿಟ್ಟು ಅರಣ್ಯ ಇಲಾಖೆಯೊಡನೆ ಕೈಜೋಡಿಸಿತು. ಅವರಿಗೆ ಕಾಡಿನ ಒಂದೊಂದು ಕಳ್ಳದಾರಿಯೂ ಗೊತ್ತಿತ್ತು. ಆ ತಿಳಿವಳಿಕೆಯೇ ಅವರ ಬಂಡವಾಳವಾಯಿತು. ಪ್ರವಾಸಿಗರನ್ನು ಕಾಲ್ನಡಿಗೆಯಲ್ಲಿ, ಬಿದಿರಿನ ತೆಪ್ಪದಲ್ಲಿ ಕರೆದೊಯ್ಯುವುದು, ಜೊತೆಗೆ ಗಸ್ತು ತಿರುಗುವುದು ಅವರ ಹೊಸ ಕೆಲಸ. 2002ರಿಂದ 'ವಸಂತ ಸೇನೆ' ಎಂಬ ಮಹಿಳೆಯರ ತಂಡವೂ ಸಂಬಳವಿಲ್ಲದೆ ಸರದಿಯ ಮೇಲೆ ಕಾಡಿನಲ್ಲಿ ಗಸ್ತು ನಡೆಸುತ್ತ ಬಂದಿದೆ. ಮನೆಗೆಲಸ ಮುಗಿಸಿ ಕಾಡು ಕಾಯಲು ಹೊರಡುವ ಈ ಹೆಣ್ಣುಮಕ್ಕಳ ಪಾಲಿಗೆ ಕಾಡೆಂದರೆ ನೀರು, ತಂಪು, ಮಕ್ಕಳ ನಾಳೆಯ ಅನ್ನ.

ಇದೇ ಯೋಜನೆಯ ಏಳು ತಾಣಗಳಲ್ಲಿ ನಮ್ಮ ನಾಗರಹೊಳೆಯೂ ಒಂದಾಗಿತ್ತು. ಅಲ್ಲಿನ ಆದಿವಾಸಿಗಳು ತಮ್ಮನ್ನು ಕೇಳದೆ ಯೋಜನೆ ರೂಪಿಸಲಾಗಿದೆ ಎಂದು ವಿರೋಧಿಸಿ, 1998ರಲ್ಲಿ ವಿಶ್ವ ಬ್ಯಾಂಕಿನ ತನಿಖಾ ಮಂಡಳಿಯವರೆಗೆ ದೂರು ಒಯ್ದರು. ಹಣ ಒಂದೇ ಮೂಲದ್ದು, ಉದ್ದೇಶವೂ ಒಂದೇ. ಅನುಭವ ಮಾತ್ರ ಬೇರೆ. ಇದರಿಂದ ತಿಳಿಯುವುದೇನೆಂದರೆ, ಜನರ ವಿಶ್ವಾಸ ಮೊದಲು, ಯೋಜನೆ ಆಮೇಲೆ.

ಊರಿನವರ ಆತಂಕ

ಕುಮಳಿಯಲ್ಲಿ ಎಲ್ಲವೂ ಸುಗಮವಾಗಿದೆ ಎಂದು ಭಾವಿಸಬೇಡಿ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಸಂರಕ್ಷಿತ ಅರಣ್ಯಗಳ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯವಿರಬೇಕೆಂದು ಆದೇಶಿಸಿದಾಗ ಇಡುಕ್ಕಿಯ ಬೆಟ್ಟದ ಊರುಗಳಲ್ಲಿ ಪ್ರತಿಭಟನೆಗಳು ನಡೆದವು. ಕಾಡಿನ ಬೇಲಿಗೆ ತಾಗಿಯೇ ಮನೆ, ತೋಟ, ಅಂಗಡಿ ಇರುವವರಿಗೆ ಒಂದು ಕಿಲೋಮೀಟರ್ ಎಂದರೆ ಬದುಕಿನ ಬಹುಪಾಲು. 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ಆದೇಶವನ್ನು ಸಡಿಲಿಸಿತು. ಅಣೆಕಟ್ಟಿನ ಕೆಳಗಿನ ವಂಡಿಪೆರಿಯಾರ್ ಮೊದಲಾದ ಊರುಗಳ ಜನರಿಗೆ ಹಳೆಯ ಕಟ್ಟೆಯ ಭದ್ರತೆಯ ಚಿಂತೆ. ಬೆಟ್ಟದಾಚೆಯ ರೈತರಿಗೆ ನೀರಿನ ಮಟ್ಟ ಇಳಿದೀತೆಂಬ ಚಿಂತೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು 142 ಅಡಿಯವರೆಗೆ ನೀರು ನಿಲ್ಲಿಸಬಹುದೆಂದು ತೀರ್ಪಿತ್ತರೂ ವಾದ ನಿಂತಿಲ್ಲ. ಒಂದೇ ನೀರಿನ ಎರಡು ದಡಗಳಲ್ಲಿ ಎರಡು ಬಗೆಯ ಭಯಗಳಿವೆ. ಎರಡೂ ನಿಜವಾದ ಭಯಗಳೇ.

ನೀವು ಹೋದಾಗ

ಈಗ ಪ್ರವಾಸಿಗರ ಮಾತಿಗೆ ಬರೋಣ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಎರಡು ಅಂತಸ್ತಿನ ದೋಣಿಯೊಂದು ಮಗುಚಿ 45 ಮಂದಿ ಪ್ರಾಣ ಕಳೆದುಕೊಂಡರು. ದಡದ ಪ್ರಾಣಿಗಳನ್ನು ನೋಡಲು ಜನ ಒಂದೇ ಕಡೆಗೆ ಸರಿದರೆಂದು ಅಂದಿನ ವರದಿಗಳು ಹೇಳಿದವು. ಇದರ ಹಿಂದಿನ ವಿಜ್ಞಾನ ಸರಳ. ಜನ ಮೇಲಂತಸ್ತಿನಲ್ಲಿ ಎದ್ದು ನಿಂತಷ್ಟೂ ದೋಣಿಯ ಗುರುತ್ವ ಕೇಂದ್ರ ಮೇಲೇರುತ್ತದೆ. ಎಲ್ಲರೂ ಒಂದೇ ಪಕ್ಕಕ್ಕೆ ಬಂದರೆ ದೋಣಿ ವಾಲುತ್ತದೆ. ವಾಲಿದ ಕಡೆ ಹೆಚ್ಚು ಭಾಗ ಮುಳುಗಿ, ನೀರು ಅದನ್ನು ಎತ್ತಿ ನೆಟ್ಟಗೆ ಮಾಡಲು ನೋಡುತ್ತದೆ. ಆದರೆ ಇದಕ್ಕೊಂದು ಮಿತಿಯಿದೆ. ಅದನ್ನು ಮೀರಿದರೆ ದೋಣಿ ಮತ್ತೆ ನೆಟ್ಟಗಾಗದು. ಹರಿಗೋಲಿನಲ್ಲಿ ಎದ್ದು ನಿಂತವರನ್ನು ನಮ್ಮ ಅಂಬಿಗರು ಗದರುವುದು ಇದೇ ಕಾರಣಕ್ಕೆ.

ಆದ್ದರಿಂದ ದೋಣಿ ಹತ್ತಿದರೆ ರಕ್ಷಾ ಕವಚ ತೊಟ್ಟು, ಕೊಟ್ಟ ಆಸನದಲ್ಲೇ ಕುಳಿತುಕೊಳ್ಳಿ. ಆನೆ ಎಡಗಡೆ ಕಂಡಿತೆಂದು ಬಲಗಡೆಯವರು ಏಳಬೇಡಿ. ದೋಣಿ ತಿರುಗಿದಾಗ ನಿಮ್ಮ ಸರದಿಯೂ ಬರುತ್ತದೆ. ಬೆಳಗಿನ ಮೊದಲ ದೋಣಿಯಲ್ಲಿ ಪ್ರಾಣಿಗಳು ಕಾಣುವ ಸಂಭವ ಹೆಚ್ಚು. ಪ್ರಾಣಿಗಳನ್ನೇ ನೋಡಬೇಕೆಂದಿದ್ದರೆ ಮಾರ್ಚಿನಿಂದ ಮೇವರೆಗೆ ಹೋಗಿ. ತುಂಬಿದ ಸರೋವರ, ಹಸಿರು ಬೆಟ್ಟ ಸಾಕೆನಿಸಿದರೆ ಮಳೆಯ ನಂತರ. ಹುಲಿ ಕಾಣದಿದ್ದರೆ ಹಣ ದಂಡವಾಯಿತೆಂದು ಕೊರಗಬೇಡಿ. ದಟ್ಟ ಕಾಡಿನಲ್ಲಿ ಅದು ಕಣ್ಣಿಗೆ ಬೀಳುವುದು ಅಪರೂಪ.

ಸ್ವಂತ ವಾಹನಗಳನ್ನು ಕುಮಳಿಯ ಆನವಚ್ಚಾಲ್‌ನಲ್ಲಿ ನಿಲ್ಲಿಸಿ, ಬಸ್ಸಿನಲ್ಲಿ ದೋಣಿಕಟ್ಟೆಗೆ ಕರೆದೊಯ್ಯುವ ವ್ಯವಸ್ಥೆ ಬಂದಿದೆ. ಇದನ್ನು ಕಿರಿಕಿರಿ ಎಂದುಕೊಳ್ಳದಿರಿ. ಹಲವು ಕಾರುಗಳ ಸದ್ದು ಒಂದು ಬಸ್ಸಿಗೆ ಇಳಿಯುತ್ತದೆ. ಸಾಧ್ಯವಾದರೆ ದೋಣಿಯ ಜೊತೆಗೆ ಒಂದು ನಡಿಗೆಯನ್ನೂ ಆರಿಸಿಕೊಳ್ಳಿ. ಅಲ್ಲಿ ನೀವು ಕೊಡುವ ಹಣ ಕಾಡು ಕಾಯುವ ಕುಟುಂಬಗಳನ್ನು ತಲುಪುತ್ತದೆ. ಮಾರ್ಗದರ್ಶಿ ನಿಲ್ಲೆಂದಲ್ಲಿ ನಿಲ್ಲಿ, ಮಾತು ಕಡಿಮೆ ಮಾಡಿ, ಪ್ಲಾಸ್ಟಿಕ್ ಮರಳಿ ತನ್ನಿ. ನಮ್ಮಂತೆ ಕ್ಯಾಮೆರಾ ಹಿಡಿದು ಹೋಗುವವರಿಗೂ ಇದೇ ನಿಯಮ. ಒಂದು ದೃಶ್ಯಕ್ಕಾಗಿ ಆನೆಯ ದಾರಿಗೆ ಅಡ್ಡ ನಿಂತರೆ ಅದರ ಸಿಟ್ಟಿನ ಫಲ ಅನುಭವಿಸುವವನು ಮರುದಿನ ಅದೇ ದಾರಿಯಲ್ಲಿ ನಡೆಯುವ ಊರಿನವನು.

ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಕುಮಳಿಯಲ್ಲಿ ಕಟ್ಟೆ ಇಲ್ಲದಿದ್ದರೆ ಸರೋವರವಿಲ್ಲ. ಸರೋವರವಿಲ್ಲದಿದ್ದರೆ ಬಹುಶಃ ಅಷ್ಟು ಬೇಗ ಕಾಡಿಗೆ ರಕ್ಷಣೆಯೂ ಬರುತ್ತಿರಲಿಲ್ಲ. ಕಾಡಿಲ್ಲದಿದ್ದರೆ ಊರಿಗೆ ಇಂದಿನ ದುಡಿಮೆಯಿಲ್ಲ. ಇಲ್ಲಿ ಕಾಡು ಉಳಿದಿರುವುದು ಬೇಲಿಯಿಂದಷ್ಟೇ ಅಲ್ಲ. ಕಾಡು ಉಳಿದರೆ ತಾವೂ ಉಳಿಯುತ್ತೇವೆ ಎಂಬ ಲೆಕ್ಕ ಅದರ ಅಂಚಿನ ಅನೇಕ ಮನೆಗಳಿಗೆ ಹೊಂದಿಕೆಯಾದ್ದರಿಂದಲೂ ಉಳಿದಿದೆ. ಆ ಲೆಕ್ಕದಲ್ಲಿ ಎರಡು ದಿನ ಬಂದು ಹೋಗುವ ನಿಮ್ಮದೂ ಒಂದು ಪಾಲಿದೆ. ಮುಂದಿನ ಸಲ ಯಾವುದೇ ಕಾಡಂಚಿನ ಊರಿಗೆ ಹೋದಾಗ, ಎಷ್ಟು ಪ್ರಾಣಿ ಕಂಡವು ಎಂದು ಕೇಳುವ ಮೊದಲು, ಇಲ್ಲಿ ಕಾಡು ಕಾಯುವವರು ಯಾರು, ನಮ್ಮ ಹಣದಲ್ಲಿ ಅವರಿಗೆ ಸೇರುವುದೆಷ್ಟು ಎಂದು ವಿಚಾರಿಸಿ ನೋಡಿ. ಸಿಕ್ಕ ಉತ್ತರವನ್ನು ನಮಗೂ ಬರೆದು ತಿಳಿಸಿ.