ಸುಡುಗಾಡಿನ ಸುಂಕ: ಆಟದ ಹರಿಶ್ಚಂದ್ರ, ತೆರೆಯ ಹರಿಶ್ಚಂದ್ರ

ದಾದಾಸಾಹೇಬ ಫಾಲ್ಕೆ 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ತಮ್ಮ ಮೂಕಿಚಿತ್ರವನ್ನು ಸಾರ್ವಜನಿಕರಿಗೆ ತೋರಿಸಿದಾಗ ಆರಿಸಿಕೊಂಡಿದ್ದ ಕಥೆ ರಾಜಾ ಹರಿಶ್ಚಂದ್ರನದು. ಭಾರತದ ಮೊದಲ ಕಥಾಚಿತ್ರವೆಂದು ಹೆಸರಾದದ್ದು ಅದೇ. ಮರಾಠಿಯ ಮೊದಲ ವಾಕ್ಚಿತ್ರ, 1932ರ ವಿ. ಶಾಂತಾರಾಂ ನಿರ್ದೇಶನದ 'ಅಯೋಧ್ಯೇಚಾ ರಾಜಾ' ಕೂಡ ಇದೇ ಕಥೆ. ಕನ್ನಡದಲ್ಲಿ 1943ರಲ್ಲಿ ಒಮ್ಮೆ, 1965ರಲ್ಲಿ ಇನ್ನೊಮ್ಮೆ ಹರಿಶ್ಚಂದ್ರ ತೆರೆಗೆ ಬಂದ. ಹೊಸ ಮಾಧ್ಯಮವೊಂದು ಕಾಲೂರುವಾಗಲೆಲ್ಲ ಈ ಹಳೆಯ ರಾಜನನ್ನೇ ಕರೆದದ್ದಕ್ಕೆ ಕಾರಣ ಸರಳ. ಅಷ್ಟರಲ್ಲಾಗಲೇ ರಂಗಭೂಮಿ ಈ ಕಥೆಯಿಂದ ಊರೂರುಗಳನ್ನು ಅಳಿಸಿತ್ತು. ಬಾಲಕ ಗಾಂಧಿ ಹರಿಶ್ಚಂದ್ರ ನಾಟಕ ನೋಡಿ, ಎಲ್ಲರೂ ಇವನಂತೆ ಸತ್ಯವಂತರಾಗಬಾರದೇಕೆ ಎಂದು ಕೇಳಿಕೊಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ.

ರಂಗದಿಂದ ತೆರೆಗೆ ಬರುವಾಗ ಈ ಕಥೆ ಏನನ್ನು ಪಡೆಯಿತು, ಏನನ್ನು ಬಿಟ್ಟಿತು ಎಂದು ನೋಡಲು ಉತ್ತರ ಕನ್ನಡದ ಕರಾವಳಿ ಒಳ್ಳೆಯ ಜಾಗ. ಭಟ್ಕಳ, ಹೊನ್ನಾವರ, ಕುಮಟಾಗಳ ಜನರಿಗೆ ಹರಿಶ್ಚಂದ್ರ ಮೊದಲು ಪರಿಚಯವಾದದ್ದು ಯಕ್ಷಗಾನದಲ್ಲಿ. ಟೆಂಟು ಸಿನಿಮಾ ಬಂದದ್ದು ಆಮೇಲೆ.

ಕರ್ಕಿಯಿಂದ ಸಾಂಗಲಿಗೆ

ಹೊನ್ನಾವರದ ಪಕ್ಕದ ಕರ್ಕಿ ಈಗ ಹೆದ್ದಾರಿಯ ಬದಿಯ ಒಂದು ಊರು. ಮರಾಠಿ ರಂಗಭೂಮಿಯ ಚರಿತ್ರೆಯ ಮೊದಲ ಪುಟಗಳಲ್ಲಿಯೂ ಈ ಭಾಗದ ನೆನಪಿದೆ. 1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗಲಿ ಸಂಸ್ಥಾನಕ್ಕೆ ಹೋಗಿ ಅರಸ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಆ ಮೇಳ ಕರ್ಕಿಯದೆಂಬುದು ಯಕ್ಷಗಾನದ ಚರಿತ್ರೆ ಬರೆದವರ ಅಭಿಪ್ರಾಯ. ಆಟ ಮೆಚ್ಚಿದ ಅರಸರು ಇಂಥದ್ದೇ ಒಂದನ್ನು ಮರಾಠಿಯಲ್ಲಿ ಕಟ್ಟಲು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆ ಆಡಿಸಿದ 'ಸೀತಾ ಸ್ವಯಂವರ'ದಿಂದ ಆಧುನಿಕ ಮರಾಠಿ ರಂಗಭೂಮಿ ಆರಂಭವಾಯಿತೆಂದು ಎಣಿಸುತ್ತಾರೆ. ಪುರಾಣದ ಕಥೆ, ಹಾಡು, ಹೆಣ್ಣಿನ ವೇಷದ ಗಂಡಸು, ಇವೆಲ್ಲ ಆ ರಂಗಭೂಮಿಯಲ್ಲಿ ನೆಲೆಯೂರಿದವು. ಎಪ್ಪತ್ತು ವರ್ಷಗಳ ಮೇಲೆ ಫಾಲ್ಕೆ ಚಿತ್ರ ತೆಗೆಯಲು ಹೊರಟಾಗ ರಾಣಿಯ ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ. ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಸೀರೆಯುಟ್ಟು ತಾರಾಮತಿಯಾದರು. ತಲೆಮಾರುಗಳಿಂದ ಸ್ತ್ರೀವೇಷ ನೋಡಿಕೊಂಡು ಬಂದ ಕರಾವಳಿಯ ಪ್ರೇಕ್ಷಕನಿಗೆ ಇದರಲ್ಲಿ ವಿಚಿತ್ರವೇನೂ ಕಾಣುವಂತಿರಲಿಲ್ಲ.

ರಾಜ್ಯ ಹೋದದ್ದು ಏಕೆ?

ಫಾಲ್ಕೆಯವರ ಹರಿಶ್ಚಂದ್ರ ರಾಜ್ಯ ಕಳೆದುಕೊಂಡದ್ದಕ್ಕೂ ಕನ್ನಡದ ಹರಿಶ್ಚಂದ್ರ ಕಳೆದುಕೊಂಡದ್ದಕ್ಕೂ ಕಾರಣ ಬೇರೆ ಬೇರೆ. ಮಾರ್ಕಂಡೇಯ ಪುರಾಣ ಮತ್ತು ಕ್ಷೇಮೀಶ್ವರನ 'ಚಂಡಕೌಶಿಕ' ಎಂಬ ಸಂಸ್ಕೃತ ನಾಟಕದ ದಾರಿಯಲ್ಲಿ, ಬೇಟೆಗೆ ಹೋದ ಅರಸನಿಗೆ ಹೆಂಗಸರ ಆರ್ತನಾದ ಕೇಳುತ್ತದೆ. ಕಾಪಾಡಲು ನುಗ್ಗುತ್ತಾನೆ. ಅದು ವಿಶ್ವಾಮಿತ್ರ ಶಕ್ತಿಗಳನ್ನು ವಶಮಾಡಿಕೊಳ್ಳುತ್ತಿದ್ದ ಜಾಗ. ತಪ್ಪಿಗೆ ದಂಡವಾಗಿ ರಾಜ್ಯ ಹೋಗುತ್ತದೆ. ಫಾಲ್ಕೆಯವರ ಮೂಕಿಚಿತ್ರವೂ ಹೀಗೆಯೇ ಸಾಗುತ್ತದೆ. ಇಲ್ಲಿ ಅರಸನದು ಕರುಣೆಯಿಂದ ಆದ ಪ್ರಮಾದ.

ಕನ್ನಡದಲ್ಲಿ ಹರಿಶ್ಚಂದ್ರನೆಂದರೆ ರಾಘವಾಂಕನ ಹರಿಶ್ಚಂದ್ರ. ಹಂಪೆಯ ಈ ಕವಿ ವಾರ್ಧಕ ಷಟ್ಪದಿಯಲ್ಲಿ ಬರೆದ ಕಾವ್ಯದಲ್ಲಿ, ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹೊಲತಿಯರು ಅರಸನೆದುರು ಹಾಡುತ್ತಾರೆ. ಮೆಚ್ಚಿದ ಅರಸ ಏನು ಬೇಕೆಂದು ಕೇಳಿದರೆ ಮೊದಲು ಮುತ್ತಿನ ಸತ್ತಿಗೆ ಬೇಡುತ್ತಾರೆ, ಆಮೇಲೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ಅರಸ ಕುಲದ ಮಾತೆತ್ತುತ್ತಾನೆ. ಆಗ ಹುಡುಗಿಯರು ಹೂಡುವ ವಾದ ಕನ್ನಡ ಸಾಹಿತ್ಯದಲ್ಲಿಯೇ ಹೆಸರಾದದ್ದು. ನಮ್ಮ ಹಾಡು ಕೇಳಿದ ಕಿವಿಗೆ ಹೊಲೆಯಿಲ್ಲ, ನಮ್ಮನ್ನು ನೋಡಿದ ಕಣ್ಣಿಗಿಲ್ಲ, ನಮ್ಮೊಡನೆ ಆಡಿದ ಬಾಯಿಗಿಲ್ಲ, ಮುಟ್ಟುವುದರಲ್ಲಿ ಮಾತ್ರ ಅದು ಎಲ್ಲಿಂದ ಬಂತು ಎಂಬುದು ಅದರ ತಿರುಳು. ಅರಸ ಉತ್ತರಿಸುತ್ತಾನೆ, ಆದರೆ ಗೆಲ್ಲುವುದಿಲ್ಲ. ಕೊನೆಗೆ ಆ ಮದುವೆಗಿಂತ ರಾಜ್ಯ ಬಿಡುವುದೇ ವಾಸಿ ಎನ್ನುತ್ತಾನೆ. ಮುಂದೆ ಸಾಲ ತೀರಿಸಲು ಕಾಶಿಯಲ್ಲಿ ಹೆಂಡತಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಮಾರಿ, ತನ್ನನ್ನು ಮಾರಿಕೊಳ್ಳುವುದು ಸುಡುಗಾಡಿನ ಒಡೆಯ ವೀರಬಾಹುವಿಗೆ. ಯಾರನ್ನು ಮುಟ್ಟಲೊಲ್ಲೆನೆಂದು ರಾಜ್ಯ ಬಿಟ್ಟನೋ ಅವರ ಕುಲದವನ ಆಳಾಗಿ ಅವನ ಅನ್ನ ಉಣ್ಣುತ್ತಾನೆ.

ದುರಂತ ನಾಟಕದಲ್ಲಿ ನಾಯಕನ ದೊಡ್ಡ ಗುಣದ ಪಕ್ಕದಲ್ಲಿಯೇ ಅವನ ದೋಷವೂ ಇರುತ್ತದೆ ಎಂದು ಪಾಶ್ಚಾತ್ಯ ವಿಮರ್ಶೆ ಹೇಳುತ್ತ ಬಂದಿದೆ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ 'ಗದಾಯುದ್ಧ ನಾಟಕಂ', 1929ರಲ್ಲಿ ಸೊಫೊಕ್ಲಿಸನ 'ಏಜಾಕ್ಸ್' ಆಧರಿಸಿದ 'ಅಶ್ವತ್ಥಾಮನ್' ಬರೆದು ಆ ಮಾದರಿಯನ್ನು ಕನ್ನಡಕ್ಕೆ ತಂದರು. ಆದರೆ ಅಂಥ ನಾಯಕನೊಬ್ಬ ರಾಘವಾಂಕನಲ್ಲಿ ಆಗಲೇ ಇದ್ದ. ಅವನ ಹರಿಶ್ಚಂದ್ರನ ಸತ್ಯ ಎಷ್ಟು ದೊಡ್ಡದೋ ಕುಲದ ಹಟವೂ ಅಷ್ಟೇ ದೊಡ್ಡದು. ಫಾಲ್ಕೆಯವರ ಅರಸನಲ್ಲಿ ಈ ಬಿರುಕು ಇಲ್ಲ. ಅವನು ಪರೀಕ್ಷೆಗೆ ಒಳಗಾದ ಒಳ್ಳೆಯವನು, ಅಷ್ಟೇ.

ಎರಡು ಕನ್ನಡ ಚಿತ್ರಗಳು

1943ರ 'ಸತ್ಯ ಹರಿಶ್ಚಂದ್ರ' ವೃತ್ತಿರಂಗಭೂಮಿಯ ಕೂಸು. ನಿರ್ದೇಶಿಸಿದವರು ಆರ್. ನಾಗೇಂದ್ರರಾಯರು, ಅರಸನಾದವರು ಎಂ.ವಿ. ಸುಬ್ಬಯ್ಯ ನಾಯ್ಡು, ಚಂದ್ರಮತಿ ಲಕ್ಷ್ಮೀಬಾಯಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದಲ್ಲಿ (1934) ನಾಗೇಂದ್ರರಾಯರು ರಾವಣ, ನಾಯ್ಡು ಇಂದ್ರಜಿತು. ಇಬ್ಬರೂ ನಾಟಕ ಕಂಪನಿ ನಡೆಸಿ ಪಳಗಿದವರು. ಎ.ವಿ. ಮೆಯ್ಯಪ್ಪನ್ ಅವರ ಈ ಕನ್ನಡ ಚಿತ್ರಕ್ಕೆ 1944ರಲ್ಲಿ ತಮಿಳು ಮಾತು ಜೋಡಿಸಿ ಬಿಡುಗಡೆ ಮಾಡಿದರು. ಭಾರತದಲ್ಲಿ ಡಬ್ಬಿಂಗ್ ಆರಂಭವಾದದ್ದು ಅದರಿಂದಲೇ ಎನ್ನುತ್ತಾರೆ. ತುಟಿ ಒಂದು ಭಾಷೆಯದು, ದನಿ ಇನ್ನೊಂದರದು. ಹಾಗಿದ್ದರೂ ಜನ ನೋಡಿದರು, ಏಕೆಂದರೆ ಕಥೆ ಎಲ್ಲರಿಗೂ ಬಾಯಿಪಾಠವಾಗಿತ್ತು.

1965ರ 'ಸತ್ಯ ಹರಿಶ್ಚಂದ್ರ'ವನ್ನು ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದರು, ಕೆ.ವಿ. ರೆಡ್ಡಿ ನಿರ್ಮಿಸಿದರು. ರಾಜಕುಮಾರ್ ಹರಿಶ್ಚಂದ್ರ, ಉದಯಕುಮಾರ್ ವಿಶ್ವಾಮಿತ್ರ, ನರಸಿಂಹರಾಜು ಸಾಲ ವಸೂಲಿಗೆ ಬೆನ್ನುಬಿದ್ದ ನಕ್ಷತ್ರಿಕ, ಎಂ.ಪಿ. ಶಂಕರ್ ವೀರಬಾಹು. ಚಂದ್ರಮತಿಯಾದ ಪಂಢರಿಬಾಯಿ ಹುಟ್ಟಿದ್ದು ಭಟ್ಕಳದಲ್ಲಿ. ಹರಿಕಥೆ, ನಾಟಕಗಳಲ್ಲಿ ಪಳಗಿ ಚಿತ್ರರಂಗಕ್ಕೆ ಬಂದವರು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್ ಮೊದಲ ಸಲ ನಾಯಕರಾದಾಗಲೂ ಎದುರು ನಿಂತವರು ಅವರೇ. ಅದೇ 1965ರಲ್ಲಿ ರೆಡ್ಡಿಯವರೇ ಎನ್.ಟಿ. ರಾಮರಾಯರನ್ನು ಇಟ್ಟುಕೊಂಡು ತೆಲುಗಿನಲ್ಲೂ ಈ ಕಥೆಯನ್ನು ತೆಗೆದರು. ಎರಡಕ್ಕೂ ಸಂಗೀತ ಪೆಂಡ್ಯಾಲ ನಾಗೇಶ್ವರರಾವ್ ಅವರದು. ತೆಲುಗಿನದು ಸೋತಿತು. ಕನ್ನಡದ್ದು ಗೆದ್ದು ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. 2008ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಲಾಯಿತು.

ಈ ಚಿತ್ರ ರಾಘವಾಂಕನ ದಾರಿಯದು. ಆದರೆ ಕನ್ಯೆಯರ ಪ್ರಸಂಗದಲ್ಲಿ ವಾದಕ್ಕಿಂತ ನೃತ್ಯಕ್ಕೆ ಹೆಚ್ಚು ಜಾಗ. ಕುಲದ ಪ್ರಶ್ನೆ ಅಲ್ಲಿಂದ ಸರಿದು ಸುಡುಗಾಡಿಗೆ ಬರುತ್ತದೆ. ಮೇಲು ಕೀಳೆಂಬುದಿಲ್ಲ ಎಂದು ವೀರಬಾಹುವಿನ ಕಡೆಯವರು ಕುಣಿದು ಹಾಡುವ ಹಾಡು, ಘಂಟಸಾಲರ ದನಿಯಲ್ಲಿ, ಚಿತ್ರಕ್ಕಿಂತ ಹೆಚ್ಚು ಬಾಳಿತು. ಕಾವ್ಯದಲ್ಲಿ ಅರಸನನ್ನು ಕಟ್ಟಿಹಾಕಿದ ಪ್ರಶ್ನೆ ಚಿತ್ರದಲ್ಲಿ ಎಲ್ಲರೂ ಒಪ್ಪಬಹುದಾದ ನೀತಿಯಾಯಿತು. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷವೂ ಆಗದ ಕಾಲಕ್ಕೆ ಆ ನೀತಿ ಬೇಕಾಗಿತ್ತು, ನಿಜ. ಆದರೆ ಹಾಡು ಹಾಡುವವರು ಅವರು, ಕೇಳುವವನು ಅರಸ. ತಾನು ಹಿಂದೆ ಇಲ್ಲ ಎಂದದ್ದು ತಪ್ಪಿರಬಹುದೇ ಎಂಬ ಪ್ರಶ್ನೆ ಅವನ ಬಾಯಿಗೆ ಬರುವುದಿಲ್ಲ.

ಆಟದಲ್ಲಿ

ಇದೇ ಕಥೆ ಯಕ್ಷಗಾನದಲ್ಲಿ ನಡೆಯುವ ಬಗೆ ಬೇರೆ. ಪ್ರಸಂಗದ ಪದ್ಯಗಳು ಮೊದಲೇ ಬರೆದಿಟ್ಟವು, ಭಾಗವತರು ಹಾಡುವುದು ಅವನ್ನೇ. ಪದ್ಯ ಮುಗಿದ ಮೇಲೆ ವೇಷಧಾರಿ ಹೇಳುವ ಅರ್ಥ ಮಾತ್ರ ಅವನದೇ. ಹೆಂಡತಿಯನ್ನು ಮಾರುವ ಹಕ್ಕು ಗಂಡನಿಗೆ ಯಾರು ಕೊಟ್ಟರು ಎಂದು ಚಂದ್ರಮತಿಯ ವೇಷಧಾರಿ ಒಂದು ರಾತ್ರಿ ಕೇಳಬಹುದು. ಕುಲದ ಮಾತಿಗೆ ಮಾತಂಗ ಕನ್ಯೆ ಹೊಸದೊಂದು ಪಾಟೀಸವಾಲು ಹಾಕಬಹುದು. ಎದುರಿನ ಹರಿಶ್ಚಂದ್ರ ಅಲ್ಲಿಯೇ, ಆ ಗಳಿಗೆಯಲ್ಲಿಯೇ, ಉತ್ತರ ಹುಡುಕಬೇಕು. ನಿನ್ನೆಯ ಉತ್ತರ ಇವತ್ತಿಗೆ ಸಾಲದು. ಹಾಗಾಗಿ ಈ ಅರಸನ ಮೇಲಿನ ವಿಚಾರಣೆ ಕರಾವಳಿಯಲ್ಲಿ ಮುಗಿದೇ ಇಲ್ಲ.

ಇನ್ನೊಂದು ಕಷ್ಟ ರಸದ್ದು. ಚಂಡೆಯ ಅಬ್ಬರ, ದೊಡ್ಡ ಕಿರೀಟ, ಭುಜಕೀರ್ತಿ, ಎಲ್ಲವೂ ವೀರ ರೌದ್ರಗಳಿಗೆ ಒಗ್ಗುವಂಥವು. ಹರಿಶ್ಚಂದ್ರ ಅವೆಲ್ಲವನ್ನೂ ಕಳಚಿಟ್ಟು ಬರಬೇಕು. ಆಟದ ಪ್ರೇಕ್ಷಕನಿಗೆ ಕಿರೀಟವೇ ರಾಜ್ಯ. ಅದಿಲ್ಲದೆ ಬೋಳು ವೇಷದಲ್ಲಿ ನಿಂತವನನ್ನು ಕಂಡರೆ ಉಳಿದದ್ದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಇಂಥ ಪಾತ್ರಗಳಲ್ಲಿ ಹೊನ್ನಾವರ ತಾಲೂಕಿನ ಕೆರೆಮನೆ ಶಂಭು ಹೆಗಡೆಯವರ (1938–2009) ಹೆಸರನ್ನು ಜನ ಈಗಲೂ ನೆನೆಯುತ್ತಾರೆ. ಅವರ ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಲ್ಲಿ ಬೆಳೆದ ಶಂಭು ಹೆಗಡೆ, ದೆಹಲಿಯಲ್ಲಿ ಮಾಯಾರಾವ್ ಅವರಲ್ಲಿ ನೃತ್ಯಸಂಯೋಜನೆ ಕಲಿತು ಬಂದವರು. ಹರಿಶ್ಚಂದ್ರ ಅವರ ಹೆಸರಾದ ಪಾತ್ರಗಳಲ್ಲೊಂದು. ಕುಣಿತ ಕಡಿಮೆ ಮಾಡಿ, ಮಾತು ತಗ್ಗಿಸಿ, ನಿಲುವಿನಿಂದಲೇ ಕರುಣವನ್ನು ಹೇಳುವ ದಾರಿ ಅವರದು. ಸಿನಿಮಾದಲ್ಲಿ ಕ್ಯಾಮರಾ ಮುಖದ ಹತ್ತಿರ ಬಂದು ಮಾಡುವ ಕೆಲಸವನ್ನು ಇಲ್ಲಿ ಮೌನ ಮಾಡಬೇಕು, ಅದೂ ಬಯಲಿನ ಕೊನೆಯ ಸಾಲಿನಲ್ಲಿ ಕೂತವನಿಗೂ ಮುಟ್ಟುವಂತೆ.

ಸುಡುಗಾಡಿನ ದೃಶ್ಯದಲ್ಲಿ ಎರಡು ಮಾಧ್ಯಮಗಳ ಅಂತರ ಎದ್ದು ಕಾಣುತ್ತದೆ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ನಡುರಾತ್ರಿ ತಾಯಿ ಬರುತ್ತಾಳೆ. ನೆಲದ ಸುಂಕ ಕೊಡದೆ ಸುಡುವಂತಿಲ್ಲ ಎಂದು ಕಾವಲಿನವನು ತಡೆಯುತ್ತಾನೆ. ಜನಪ್ರಿಯ ರಂಗಪಾಠದಲ್ಲಿ, ಕೊಡಲು ಏನೂ ಇಲ್ಲವೆಂದವಳಿಗೆ ಕೊರಳ ತಾಳಿ ಇದೆಯಲ್ಲ ಎನ್ನುತ್ತಾನೆ. ಆ ತಾಳಿ ಗಂಡನ ಕಣ್ಣಿಗಲ್ಲದೆ ಬೇರೆಯವರಿಗೆ ಕಾಣುವಂಥದ್ದಲ್ಲ. ಅವಳಿಗೆ ಅವನ ಗುರುತು ಸಿಗುತ್ತದೆ. ಸತ್ತವನು ತನ್ನ ಮಗನೆಂದು ಅವನಿಗೂ ತಿಳಿಯುತ್ತದೆ. ತಿಳಿದ ಮೇಲೂ ಸುಂಕ ಬಿಡುವಂತಿಲ್ಲ, ಏಕೆಂದರೆ ಅದು ಒಡೆಯನದು. ಚಲನಚಿತ್ರ ಈ ಗಳಿಗೆಯನ್ನು ಹೊಗೆ, ಚಿತೆ, ಕತ್ತಲು, ಹಾಡುಗಳಿಂದ ತುಂಬುತ್ತದೆ. 1965ರ ಕಪ್ಪು ಬಿಳುಪಿನಲ್ಲಿ ಆ ಕತ್ತಲೆಗೆ ಇದ್ದ ಭಾರ 2008ರ ಬಣ್ಣದಲ್ಲಿ ಉಳಿಯಲಿಲ್ಲ. ಆಟದಲ್ಲಿ ಚಿತೆಯೂ ಇಲ್ಲ, ಹೆಣವೂ ಇಲ್ಲ. ಒಂದು ಬರಿಯ ರಂಗಸ್ಥಳ, ಎರಡು ವೇಷ. ಪಿತೃಕಾರ್ಯಕ್ಕೆಂದು ಕುಮಟಾ ತಾಲೂಕಿನ ಗೋಕರ್ಣಕ್ಕೆ ಹೋಗಿ ಬಂದ, ತಮ್ಮ ಮನೆಯ ಹೆಣಗಳನ್ನು ತಾವೇ ಹೊತ್ತ ಜನ ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ.

ಶಿವ ಬಂದ ಮೇಲೆ

ರಾಘವಾಂಕನ ಕಾವ್ಯ, ಚಿತ್ರ, ಆಟ ಮೂರರಲ್ಲೂ ಕೊನೆ ಒಂದೇ. ಕೊಲೆಯ ಸುಳ್ಳು ಆರೋಪ ಹೊತ್ತ ಹೆಂಡತಿಯ ಮೇಲೆ ಅರಸ ಕತ್ತಿ ಎತ್ತಿದಾಗ ಶಿವ ಪ್ರತ್ಯಕ್ಷನಾಗುತ್ತಾನೆ. ಮಗ ಬದುಕುತ್ತಾನೆ, ರಾಜ್ಯ ಮರಳುತ್ತದೆ. ಹಾಗಿದ್ದರೆ ಇದು ದುರಂತವೇ ಎಂದು ಕೇಳಬಹುದು. ಗ್ರೀಕರ ಯೂರಿಪಿಡೀಸನ ನಾಟಕಗಳಲ್ಲೂ ಕೊನೆಗೆ ದೇವರಿಳಿದು ಬಂದು ಗಂಟು ಬಿಡಿಸುವುದುಂಟು. ದೇವರು ಬಂದನೆಂದು ಆ ತನಕದ ನೋವು ಸುಳ್ಳಾಗುವುದಿಲ್ಲ.

ಆದರೆ ಶಿವನ ಆಗಮನ ತೆರೆಯ ಮೇಲೆ ಮಾಡುವ ಕೆಲಸವೇ ಬೇರೆ, ರಂಗಸ್ಥಳದಲ್ಲಿ ಮಾಡುವ ಕೆಲಸವೇ ಬೇರೆ. ಚಿತ್ರದಲ್ಲಿ ಬೆಳಕು ಹರಡಿ, ಹೂಮಳೆ ಸುರಿದರೆ ಲೆಕ್ಕ ಚುಕ್ತಾ. ಅರಸ ಮಾಡಿದ್ದೆಲ್ಲ ಸರಿಯೆಂದು ದೇವರೇ ರುಜು ಹಾಕಿದಂತೆ. ಎಷ್ಟು ಸಲ ನೋಡಿದರೂ ರುಜು ಅದೇ. ಆಟದಲ್ಲಿ ಮಂಗಳ ಹಾಡುವ ಹೊತ್ತಿಗೆ ಬೆಳಗಾಗಿರುತ್ತದೆ. ಚಾಪೆ ಮಡಚಿ ಮನೆಗೆ ಹೊರಟವರ ಬಾಯಲ್ಲಿ ಶಿವನ ಮಾತು ಇರುವುದು ಕಡಿಮೆ. ಚಂದ್ರಮತಿ ಕೇಳಿದ್ದಕ್ಕೆ ಹರಿಶ್ಚಂದ್ರನ ಉತ್ತರ ಸಾಕಿತ್ತೇ, ಕನ್ಯೆಯರ ಮಾತಿಗೆ ಅವನು ಸೋತನೇ, ಎಂಬ ಚರ್ಚೆಯೇ ದಾರಿಯುದ್ದಕ್ಕೂ.

ರಾಘವಾಂಕನ ಕಾವ್ಯ 2017ರಲ್ಲಿ ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ ಇಂಗ್ಲಿಷಿನ ಓದುಗರಿಗೂ ತಲುಪಿದೆ. ಈಗ ಆಟವನ್ನೂ ವಿಡಿಯೋ ಮಾಡಿ ಮೊಬೈಲಿನಲ್ಲಿ ನೋಡುವ ಕಾಲ. ಒಬ್ಬ ಕಲಾವಿದ ಒಂದು ರಾತ್ರಿ ಹೇಳಿದ ಅರ್ಥ ಅಲ್ಲಿಯೂ ಸಿನಿಮಾದಂತೆ ಅಚ್ಚಾಗಿ ನಿಲ್ಲುತ್ತದೆ. ನಾಳೆಯ ಹುಡುಗ ಅದನ್ನೇ ಬಾಯಿಪಾಠ ಮಾಡಿ ಒಪ್ಪಿಸಿದರೆ ಆಟಕ್ಕೂ ತೆರೆಗೂ ಉಳಿದ ವ್ಯತ್ಯಾಸ ಅಳಿಸಿಹೋಗುತ್ತದೆ. ಮುಟ್ಟಿದರೆ ಹೊಲೆ ಎಲ್ಲಿಂದ ಬಂತೆಂದು ಆ ಹುಡುಗಿಯರು ಕೇಳಿದ ಪ್ರಶ್ನೆಗೆ ಸಿದ್ಧ ಉತ್ತರ ಸಾಲದು. ವೇಷ ಕಟ್ಟಿದ ಹರಿಶ್ಚಂದ್ರ ಪ್ರತಿ ರಾತ್ರಿ ಅದಕ್ಕೆ ತನ್ನದೇ ಮಾತಿನಲ್ಲಿ ತಡವರಿಸಬೇಕು.